ಊರಲ್ಲಿಲ್ಲದ ತ್ಯಾಂಪಣ್ಣನ ಫಂಡು

ತ್ಯಾಂಪಣ್ಣ ರೈ ಆ ದಿನ ಬೆಳಿಗ್ಗೆ ಮೀಸೆ ತೆಗೆಸಲೆಂದು ಕಡಬಕ್ಕೆ ಹೋಗದೆ ಇದ್ದಿದ್ದರೆ ಮಧ್ಯಾಹ್ನದ ಹೊತ್ತಿಗೆ ಅವನು ಸಾಯುವ ಪ್ರಮೇಯವೇ ಬರುತ್ತಿರಲಿಲ್ಲ. ಕಾಣಿಯೂರಿನಲ್ಲಿ ಕ್ಷೌರದವರಿಲ್ಲವೆಂದಲ್ಲ. ಆದರೆ ಊರಲ್ಲೇ ಮೀಸೆ ತೆಗೆಸಿದರೆ ಯಾಕೆ ಎಂದು ಕಂಡವರೆಲ್ಲ ಕೇಳುತ್ತಾರೆ, ಕೇಳಿದವರಿಗೆಲ್ಲ ಉತ್ತರ ಹೇಳಬೇಕು. ಆ ಉತ್ತರವನ್ನೇ ಅವನು ಎರಡು ತಿಂಗಳಿಂದ ಯಾರಿಗೂ ಬಿಡದೆ ಹೊಟ್ಟೆಯೊಳಗಿಟ್ಟುಕೊಂಡು ತಿರುಗುತ್ತಿದ್ದ.

ತ್ಯಾಂಪಣ್ಣ ಮಲಾಯದಲ್ಲಿ ಒಂದು ಇಂಗ್ಲಿಷ್ ಕಂಪೆನಿಯ ರಬ್ಬರ್ ಎಸ್ಟೇಟಿನಲ್ಲಿ ಗುಮಾಸ್ತನಾಗಿದ್ದು, ಪ್ರಾಯವನ್ನೆಲ್ಲ ಅಲ್ಲೇ ಕಳೆದು, ಎಪ್ಪತ್ತೆರಡನೆಯ ಇಸವಿಯಲ್ಲಿ ಊರಿಗೆ ಮರಳಿದವ. ತಿಂಗಳು ತಿಂಗಳು ಅವನ ಸಂಬಳದಿಂದ ಮುರಿದಿಟ್ಟ ನಿವೃತ್ತಿ ಫಂಡು ಲಂಡನ್ನಿನಲ್ಲಿ ಸಾಕಿದ ಹುಂಜದ ಹಾಗೆ ಕೊಬ್ಬಿ ಕೂತಿತ್ತು. ಅದನ್ನು ತೆಗೆಯಬೇಕೆಂದು ಬರೆದದ್ದಕ್ಕೆ ಅಲ್ಲಿಂದ ಮರುಟಪಾಲು ಬಂತು. ನೀವು ಇಂಡಿಯಾದಲ್ಲೇ ವಾಸವಾಗಿದ್ದೀರಿ, ನಿಮ್ಮ ಟ್ಯಾಕ್ಸು ಅಲ್ಲಿಗೇ ಸೇರಿದ್ದು ಎಂದು ನಿಮ್ಮ ಟ್ಯಾಕ್ಸ್ ಆಫೀಸಿನಿಂದ ಬರೆಸಿ ಕಳುಹಿಸಿದರೆ ಇಲ್ಲಿ ನಾವು ಏನೂ ಮುರಿಯುವುದಿಲ್ಲ. ಇಲ್ಲದಿದ್ದರೆ ಮೂರರಲ್ಲೊಂದು ಪಾಲು ಮುರಿದುಕೊಳ್ಳುತ್ತೇವೆ ಎಂದು.

ಮೂರರಲ್ಲೊಂದು! ತ್ಯಾಂಪಣ್ಣನಿಗೆ ಎರಡು ದಿನ ಗಂಜಿ ಇಳಿಯಲಿಲ್ಲ. ಯಾಕೆಂದರೆ ಆ ಫಂಡಿಗೆ ಅವನು ಮನಸ್ಸಿನಲ್ಲೇ ನಾಲ್ಕು ಚಕ್ರ ಜೋಡಿಸಿ ಆಗಿತ್ತು. ಕಡಬ, ಕಾಣಿಯೂರು ನಡುವೆ ಜೀಪು ಓಡಿಸುವ ಅಲಿ ಕುಂಞಿ ದುಬೈಗೆ ಹೊರಟಿದ್ದ. ಜೀಪನ್ನು ಮಾರುವವನಿದ್ದ. ಇಪ್ಪತ್ತೈದು ವರ್ಷ ದೊರೆಗಳ ಜೀಪಿನ ಧೂಳು ತಿಂದ ತ್ಯಾಂಪಣ್ಣನಿಗೆ ಸಾಯುವ ಮೊದಲು ಒಂದು ದಿನವಾದರೂ ಸ್ವಂತ ಜೀಪಿನಲ್ಲಿ ಕೂತು ಬೇರೆಯವರಿಗೆ ಧೂಳು ತಿನ್ನಿಸಬೇಕೆಂಬ ಆಸೆ. ಫಂಡು ಇಡಿಯಾಗಿ ಬಂದರೆ ಜೀಪು ಬರುತ್ತದೆ. ಮೂರರಲ್ಲೊಂದು ಪಾಲು ಹೋದರೆ ಜೀಪು ಬಂದೀತು, ಇಂಜಿನು ಬರಲಿಕ್ಕಿಲ್ಲ.

ಹಾಗಾಗಿ ಅವನು ಈ ಸೀಮೆಯಲ್ಲಿ ಅದುವರೆಗೆ ಯಾರೂ ಮಾಡದ ಕೆಲಸ ಮಾಡಿದ. ಇನ್ಕಮ್ ಟ್ಯಾಕ್ಸಿನವರಿಗೆ ತಾನಾಗಿ ಕಾಗದ ಬರೆದು ದಯವಿಟ್ಟು ನನ್ನನ್ನು ನಿಮ್ಮವನೆಂದು ಒಪ್ಪಿಕೊಳ್ಳಿ ಎಂದು ಬೇಡಿಕೊಂಡ. ಹೆದರಿಕೆ ಇರಲಿಲ್ಲ. ಗದ್ದೆ ತೋಟದವರಿಗೆ ಇನ್ಕಮ್ ಟ್ಯಾಕ್ಸ್ ಇಲ್ಲವೆಂದು ಅವನಿಗೆ ಗೊತ್ತಿತ್ತು. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ, ನಡುವಿನಿಂದ ಜೀಪು ಹೊರಟು ಬರುತ್ತದೆ!

ಆಫೀಸಿನಿಂದ ಉತ್ತರವೂ ಬಂತು. ಗುರುವಾರ ಮಧ್ಯಾಹ್ನದ ಬಸ್ಸಿಗೆ ಇನ್ಸ್‌ಪೆಕ್ಟರ್ ಕುಶಾಲಪ್ಪನವರು ಪುತ್ತೂರಿನ ಕಡೆಯಿಂದ ಬರುತ್ತಾರೆ, ನೀವು ನಿಜವಾಗಿ ಊರಲ್ಲಿ ವಾಸ ಇದ್ದೀರೋ ಎಂದು ಸ್ಥಳದಲ್ಲೇ ವಿಚಾರಿಸುತ್ತಾರೆ, ಪಾಸ್‌ಪೋರ್ಟು ತಯಾರಿಡಿ. ಪಾಸ್‌ಪೋರ್ಟಿನ ಫೋಟೋದಲ್ಲಿ ತ್ಯಾಂಪಣ್ಣನಿಗೆ ಮೀಸೆ ಇರಲಿಲ್ಲ. ಈಗ ಇತ್ತು, ಅದೂ ಎರಡು ಕಡೆ ಹಕ್ಕಿ ಕೂರುವಷ್ಟು. ಅದಕ್ಕೇ ಕಡಬದ ಪ್ರಯಾಣ. ಹೊರಡುವಾಗ ಹೆಂಡತಿ ಚೆನ್ನುವಿಗೆ ಹೇಳಿದ್ದು ಇಷ್ಟೇ: "ಮಧ್ಯಾಹ್ನ ಊಟಕ್ಕೆ ಒಬ್ಬರು ದೊಡ್ಡ ಜನ ಬರ್ಲಿಕ್ಕುಂಟು. ಕೋಳಿ ಸುಕ್ಕ ಮಾಡು."

ಇಲ್ಲಿ ಕಾಣಿಯೂರಿನ ಒಂದು ಒಳ್ಳೆಯ ಗುಣವನ್ನು ಹೇಳಿಬಿಡಬೇಕು. ಸರಕಾರದವರ ಲೆವಿ ಅಕ್ಕಿ ವಸೂಲಿಯ ಕಾಲದಿಂದ ಆ ಊರಿಗೆ ಒಂದು ಅಭ್ಯಾಸ ಬಂದಿತ್ತು. ಕೈಯಲ್ಲಿ ಚೀಲ ಹಿಡಿದ ಅಪರಿಚಿತ ಬಸ್ಸಿನಿಂದಿಳಿದು ಇಂಥವರ ಮನೆ ಎಲ್ಲಿ ಎಂದು ಕೇಳಿದರೆ ಇಂಥವರು ಊರಲ್ಲಿ ಇಲ್ಲ. ಯಾರೂ ಯಾರಿಗೂ ಕಲಿಸಿದ್ದಲ್ಲ, ಸಭೆ ಕರೆದು ತೀರ್ಮಾನಿಸಿದ್ದೂ ಅಲ್ಲ. ಹಿಂದಿನ ತಿಂಗಳಷ್ಟೇ ಪಂಚಾಯತು ಮೆಂಬರ್ ಜತ್ತಪ್ಪ ಗೌಡರನ್ನು ಹುಡುಕಿಕೊಂಡು ಬಂದ ಒಬ್ಬ ಆಫೀಸರನನ್ನು ಇದೇ ತ್ಯಾಂಪಣ್ಣ, ಗೌಡರು ಕಾಶಿಯಾತ್ರೆಗೆ ಹೋಗಿದ್ದಾರೆಂದು ಹೇಳಿ ವಾಪಸು ಕಳುಹಿಸಿದ್ದ. ಗೌಡರು ಆಗ ಅವನ ಬೆನ್ನ ಹಿಂದೆಯೇ ನಿಂತು ಎಲೆ ಅಡಿಕೆ ಜಗಿಯುತ್ತಿದ್ದರು.

ಕಡಬದ ಸೆಲೂನಿನಲ್ಲಿ ಬಲಗಡೆಯ ಮೀಸೆ ಹೋಗಿ, ಕತ್ತಿ ಎಡಗಡೆಗೆ ತಿರುಗುವ ಹೊತ್ತಿಗೆ ಅಲಿ ಕುಂಞಿಯ ಜೀಪು ಬಾಗಿಲಿಗೇ ಬಂದು ಕಿರುಚಿ ನಿಂತಿತು.

"ತ್ಯಾಂಪಣ್ಣಾ, ನೀವು ಇಲ್ಲೇ ಕೂತಿರಿ! ಸಂಜೆವರೆಗೆ ಊರಿಗೆ ಬರ್ಲೇಬೇಡಿ!" ಅಲಿ ಕುಂಞಿ ಏದುಸಿರು ಬಿಡುತ್ತಿದ್ದ. "ಇನ್ಕಮ್ ಟ್ಯಾಕ್ಸಿನ ಒಂದು ಜನ ಬಂದುಂಟು. ಚೀಲ, ಕೊಡೆ ಎಲ್ಲ ಉಂಟು. ನಿಮ್ಮನ್ನೇ ಕೇಳುದು!"

"ಮಧ್ಯಾಹ್ನದ ಬಸ್ಸಿಗೆ ಅಲ್ವ ಬರುದು?"

"ಬೆಳಗ್ಗಿನದ್ದಕ್ಕೇ ಇಳಿದಾಯ್ತು. ಹೆದರ್ಬೇಡಿ. ಹೋಟ್ಲಿನ ಅಬ್ಬಾಸ್ ಬ್ಯಾರಿ ನಿಮ್ಮನ್ನು ಆಗ್ಲೇ ಬೊಂಬಾಯಿಗೆ ಕಳ್ಸಿ ಆಯ್ತು!"

ತ್ಯಾಂಪಣ್ಣ ಕುರ್ಚಿಯಿಂದ ಎದ್ದ ರಭಸಕ್ಕೆ ಕ್ಷೌರದವನ ಕೈಯ ಕತ್ತಿ ಸೀಲಿಂಗಿನ ಕಡೆಗೆ ಹಾರಿತು. "ಹಾಳಾಯ್ತಲ್ಲ ಮಾರಾಯ! ತಿರುಗಿಸು ಜೀಪು!"

"ಯಾಕೆ, ಊರಿಗಾ? ತಲೆ ಸರಿ ಉಂಟಾ ನಿಮಗೆ?"

"ತಿರುಗಿಸು ಅಂದೆನಲ್ಲ!"

ಅಲಿ ಕುಂಞಿ ಜೀಪು ತಿರುಗಿಸಿದ, ಆದರೆ ಹೊರಡಿಸಲಿಲ್ಲ. ಹಿಂದೆ ಆರು ಜನ ಮಾತ್ರ ಕೂತಿದ್ದರು. ಹದಿನಾರು ಜನ ಆಗದೆ ಆ ಜೀಪು ಹೊರಡುವ ಕ್ರಮವಿಲ್ಲ.

"ಅಲಿ ಕುಂಞಿ, ಇದು ನಾಳೆ ನನ್ನ ಜೀಪು. ನಾನು ಹೇಳ್ತೇನೆ, ಹೊರಡು!"

"ನಾಳೆ ಅಲ್ವ ನಿಮ್ಮದು? ಇವತ್ತು ನನ್ನದಲ್ವ?" ಎಂದು ಅಲಿ ಕುಂಞಿ ಬೀಡಿ ಹೊತ್ತಿಸಿದ. "ಜನ ಆಗ್ಲಿ."

ಜನ ಆಗುವವರೆಗೆ ತ್ಯಾಂಪಣ್ಣ ಹೆಗಲ ಮೇಲಿನ ಬೈರಾಸನ್ನು ಮೂಗಿನ ಕೆಳಗೆ ಕಟ್ಟಿಕೊಂಡು ಕೂತಿದ್ದ. ಹತ್ತಿದವರೆಲ್ಲ ಹಲ್ಲುನೋವಾ ಎಂದು ಕೇಳಿದರು. ಒಬ್ಬಾಕೆ ಲವಂಗ ಕೊಟ್ಟಳು. ಅವನು ಅದನ್ನೂ ಕಚ್ಚಿಕೊಂಡ.

ಕಾಣಿಯೂರಿನಲ್ಲಿ ಇಳಿದವನನ್ನು ಅಬ್ಬಾಸ್ ಬ್ಯಾರಿ ಹೋಟೆಲಿನ ಒಳಗೆಳೆದು ಬಾಗಿಲ ಹಿಂದೆ ನಿಲ್ಲಿಸಿದ. ಯುದ್ಧ ಗೆದ್ದು ಬಂದವನ ಹಾಗೆ ಅವನ ಮುಖ ಹೊಳೆಯುತ್ತಿತ್ತು.

"ಏನೂ ಬಿಟ್ಟುಕೊಡ್ಲಿಲ್ಲ ರೈಗಳೇ! ಬೊಂಬಾಯಿಯಲ್ಲಿ ಹೋಟ್ಲು ಇಟ್ಟಿದ್ದಾರೆ ಅಂದೆ. ಯಾವ ಕಡೆ ಅಂತ ಆ ಜನ ಕೇಳಿತು. ಮಾಟುಂಗ ಅಂದೆ. ವ್ಯಾಪಾರ ಹೇಗುಂಟು ಅಂತ ಕೇಳಿತು. ಮಸಾಲೆ ದೋಸೆಗೆ ಜನ ಸಾಲು ನಿಲ್ಲುದು ಅಂದೆ."

"ಅಯ್ಯೋ ಅಬ್ಬಾಸಾ, ನಾನು ಊರಲ್ಲೇ ಇದ್ದೇನೆ ಅಂತ ಹೇಳ್ಬೇಕಿತ್ತು!"

ಅಬ್ಬಾಸ್ ಬ್ಯಾರಿ ಕಣ್ಣು ಮಿಟುಕಿಸಿದ. "ನನ್ನ ಹತ್ತಿರ ಎಂತಕ್ಕೆ ನಾಟಕ? ಮೀಸೆ ಸಹ ಅರ್ಧ ತೆಗ್ದು ವೇಷ ಹಾಕಿದ್ದೀರಲ್ಲ. ಒಳ್ಳೆದಾಯ್ತು. ಆದ್ರೆ ಆ ಜನ ಭಾರೀ ಹಟದ್ದು. ಆದ್ರೂ ಮನೆ ನೋಡಿ ಬರ್ತೇನೆ ಅಂತ ಹೋಗಿ ಆಯ್ತು."

ತ್ಯಾಂಪಣ್ಣ ಗದ್ದೆಯ ಬದುವಿಗೆ ಹಾರಿದ. ತೋಡು ದಾಟುವಲ್ಲಿ ಜತ್ತಪ್ಪ ಗೌಡರು ಎದುರಾದರು. ಹೆಸರಿಗೆ ಪಂಚಾಯತು ಮೆಂಬರ್. ಊರಿನ ಅರ್ಧ ಅಡಿಕೆ, ರಬ್ಬರು ಕೈ ಬದಲಾಗುವುದು ಅವರ ಜಗಲಿಯಲ್ಲೇ ಆದರೂ ಯಾವ ಆಫೀಸಿನ ಕಡತದಲ್ಲೂ ಅವರ ಮುಖ ಕಂಡವರಿಲ್ಲ. ಅವರೂ ನಗುತ್ತಿದ್ದರು.

"ಬನ್ನಿ ರೈಗಳೇ, ಬೊಂಬಾಯಿ ಅಂದ್ರೆ ಹತ್ತಿರ ಆಯ್ತು. ನಾಳೆ ಒಂದು ಕಾಗದ ಹಾಕಿ ಕರೆಸ್ತಾರೆ. ಅದಕ್ಕೆ ನಾನು ನಿಮ್ಮನ್ನು ಸೀದಾ ಮಲಾಯಕ್ಕೆ ಅಟ್ಟಿದೆ. ಅಲ್ಲೇ ಮನೆ ಕಟ್ಟಿದ್ದಾರೆ, ಒಂದು ಚೀನಾದ ಹೆಂಗಸನ್ನು ಇಟ್ಟುಕೊಂಡಿದ್ದಾರೆ, ಇನ್ನು ಈ ಕಡೆ ಬರುವ ಜನ ಅಲ್ಲ ಅಂದೆ."

"ಚೀನಾದ ಹೆಂಗಸು ಎಂತಕ್ಕೆ ಮೆಂಬರ್ರೆ?"

"ಸುಳ್ಳಿಗೆ ಸ್ವಲ್ಪ ಊರುಗೋಲು ಬೇಡ್ವ?"

"ನಿಮ್ಮ ಹೆಸರು ಹೇಳಿದ್ರಾ?"

"ನಾನಾ? ನಾನು ಈ ಊರಿನವನೇ ಅಲ್ಲ, ದನ ಹುಡ್ಕಿಕೊಂಡು ಬಂದವ ಅಂದೆ. ದಾರಿ ಕೇಳಿದ್ದಕ್ಕೆ ಆಚೆ ಬದಿಯ ಮುರುಕು ಸಂಕ ತೋರಿಸಿದ್ದೇನೆ. ದಾಟುವಾಗ ಒಮ್ಮೆ ತೋಡಿಗೆ ಬೀಳ್ಬಹುದು."

ಬಿದ್ದದ್ದರ ಗುರುತು ತೋಡಿನ ದಂಡೆಯುದ್ದಕ್ಕೂ ಇತ್ತು. ಕೆಸರಿನಲ್ಲಿ ಒಂದು ಚಪ್ಪಲಿಯ ಹೆಜ್ಜೆ, ಒಂದು ಬರಿಗಾಲ ಹೆಜ್ಜೆ, ನಡುವೆ ಕೊಡೆಯ ಮೊನೆ ಊರಿದ ತೂತು. ತ್ಯಾಂಪಣ್ಣ ಅದೇ ಜಾಡು ಹಿಡಿದು ಅಕ್ಕನ ಮನೆಯ ಅಂಗಳಕ್ಕೆ ಓಡಿದ. ಅವನಿಗಿಂತ ಹತ್ತು ವರ್ಷ ದೊಡ್ಡವಳಾದ ಸೀತಕ್ಕ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ಒಣಗಿಸುತ್ತಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

"ಬಂದಿಯಾ ತ್ಯಾಂಪಾ? ಕೂತುಕೋ, ಅತ್ತು ಅತ್ತು ಗಂಟಲು ಒಣಗಿ ಹೋಯ್ತು. ಆ ಜನ ಬಂದು, ರೈಗಳು ಬೊಂಬಾಯಿಯಲ್ಲಿ ಅಂತ ಒಬ್ಬ ಹೇಳ್ತಾನೆ, ಮಲಾಯದಲ್ಲಿ ಅಂತ ಒಬ್ಬ ಹೇಳ್ತಾನೆ, ನಿಮ್ಮ ತಮ್ಮನಲ್ವ, ನಿಜ ಎಲ್ಲಿ ಅಂತ ಕೇಳಿತು. ಬೊಂಬಾಯಿಗೂ ಕಾಗದ ಹೋಗ್ತದೆ, ಮಲಾಯಕ್ಕೂ ಕಾಗದ ಹೋಗ್ತದೆ ಮಗಾ. ಅದಕ್ಕೆ ಎಲ್ಲಿಗೆ ಕಾಗದ ಹೋಗುದಿಲ್ಲವೋ ಅಲ್ಲಿಗೇ ನಾನು ನಿನ್ನನ್ನು ಕಳಿಸಿದೆ."

ತ್ಯಾಂಪಣ್ಣ ಹಪ್ಪಳದ ಮೇಲೆಯೇ ಕೂತ. "ಸತ್ತೆ ಅಂದ್ಯಾ ಅಕ್ಕಾ?"

"ಹೂಂ. ಇವತ್ತು ಬೆಳಿಗ್ಗೆ. ಹಳೆ ಸಾವಾದ್ರೆ ಸರ್ಟಿಫಿಕೇಟು ಕೇಳ್ತಾರೆ." ಸೀತಕ್ಕ ಮೂಗೊರೆಸಿಕೊಂಡಳು. "ಸುಳ್ಳಿಗೆ ಅಳ್ಲಿಕ್ಕೆ ಹೊರಟದ್ದು, ಆದ್ರೆ ನೀನು ಸಣ್ಣವನಿರುವಾಗ ಇದೇ ಜಗಲಿಯಲ್ಲಿ ಅಂಬೆಗಾಲು ಇಡ್ತಾ ಇದ್ದದ್ದು ನೆನಪಾಗಿ ನಿಜವಾಗಿಯೇ ಅಳು ಬಂತು. ಆ ಜನದ ಕಣ್ಣಲ್ಲಿ ಸಹ ನೀರು!"

ತಮ್ಮನಿಗೆ ಅಕ್ಕನ ಮೇಲೆ ಸಿಟ್ಟು ಮಾಡಬೇಕೋ, ಅಷ್ಟು ಪ್ರೀತಿ ಇದೆಯಲ್ಲ ಎಂದು ಸಂತೋಷಪಡಬೇಕೋ ತಿಳಿಯಲಿಲ್ಲ. ತಿಳಿಯುವ ಮೊದಲೇ ಅವನ ಮನೆಯ ಕಡೆಯಿಂದ ಕೊಡಲಿಯ ಸದ್ದು ಕೇಳಿತು. ಮರ ಕಡಿಯುವ ಸದ್ದು. ತ್ಯಾಂಪಣ್ಣನ ಹಿತ್ತಲಿನಲ್ಲಿ ಕಡಿಯುವಂಥ ಮರ ಇದ್ದದ್ದು ಒಂದೇ, ಉಪ್ಪಿನಕಾಯಿ ಮಿಡಿಗೆ ಊರಿಗೇ ಹೆಸರಾದ ಮಾವಿನ ಮರ. ಮಾವಿನ ಮರಕ್ಕೆ ಆ ಸೀಮೆಯಲ್ಲಿ ಯಾವಾಗ ಕೊಡಲಿ ಬೀಳುತ್ತದೆಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಒಬ್ಬರನ್ನು ಸುಡಲಿಕ್ಕಿದ್ದಾಗ.

ಆದದ್ದು ಇಷ್ಟು. ಕುಶಾಲಪ್ಪನವರು ಒಳ್ಳೆಯ ಮನುಷ್ಯರು. ಸತ್ತವನ ಮನೆಗೆ ಬಂದು ಒಂದು ಮಾತು ಹೇಳದೆ ಹೋಗುವುದು ಸರಿಯಲ್ಲವೆಂದು ಕೆಸರು ಪ್ಯಾಂಟಿನಲ್ಲೇ ಅಂಗಳಕ್ಕೆ ಬಂದು, ಕೋಳಿಗೆ ಮಸಾಲೆ ಅರೆಯುತ್ತಿದ್ದ ಚೆನ್ನುವಿಗೆ ಕೈಮುಗಿದು, "ನಿಮ್ಮ ಯಜಮಾನರು ಇವತ್ತು ಬೆಳಿಗ್ಗೆ ತೀರಿಕೊಂಡದ್ದು ಕೇಳಿ ತುಂಬ ಬೇಜಾರಾಯ್ತಮ್ಮ" ಅಂದಿದ್ದರು. ಬೆಳಿಗ್ಗೆ ಗಂಡ ಹೋದದ್ದು ಅಲಿ ಕುಂಞಿಯ ಜೀಪಿನಲ್ಲಿ. ಆ ಜೀಪಿನ ಬ್ರೇಕಿನ ವಿಷಯ ತಾಲೂಕಿಗೇ ಗೊತ್ತು. ಚೆನ್ನು ಬೇರೇನನ್ನೂ ಕೇಳಲಿಲ್ಲ. ಅವಳು ಇಟ್ಟ ಒಂದು ಕೂಗಿಗೆ ನೆರೆಕರೆಯವರೆಲ್ಲ ಓಡಿ ಬಂದರು. ಬಂದ ಗಂಡಸರು ಸುಮ್ಮನೆ ನಿಲ್ಲಬಾರದೆಂದು ಕೊಡಲಿ ಎತ್ತಿಕೊಂಡರು.

ತ್ಯಾಂಪಣ್ಣ ಅಂಗಳಕ್ಕೆ ನುಗ್ಗಿದಾಗ ಬೈರಾಸು ಎಲ್ಲೋ ಬಿದ್ದುಹೋಗಿತ್ತು. ಅರ್ಧ ಮೀಸೆ, ಅರ್ಧ ಸಾಬೂನು, ಮೊಣಕಾಲವರೆಗೆ ಕೆಸರು.

"ಕುಲೆ! ಕುಲೆ ಬಂತು!" ಎಂದು ಒಬ್ಬಳು ಕಿರುಚಿದಳು. ಸತ್ತವರ ಪ್ರೇತ ಇಷ್ಟು ಬೇಗ ಬರುವುದನ್ನು ಯಾರೂ ಕಂಡಿರಲಿಲ್ಲ. ಅರ್ಧ ಹೆಂಗಸರು ಒಳಗೆ ಓಡಿದರು.

"ಯಮ ಒಂದು ಬದಿಯ ಮೀಸೆ ಹಿಡಿದೇ ಎಳೆದದ್ದು, ನೋಡಿ!" ಎಂದು ಇನ್ನೊಬ್ಬಳು ಓಡುತ್ತಲೇ ಹೇಳಿದಳು.

ಓಡದೆ ನಿಂತವಳು ಚೆನ್ನು ಒಬ್ಬಳೇ. ಗಂಡನ ಮೈಮುಟ್ಟಿ ನೋಡಿದಳು, ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು, ಬದುಕಿದ್ದಾನೆಂದು ಖಾತ್ರಿಯಾದ ಮೇಲೆ ಕೈಯಲ್ಲಿದ್ದ ಸಟ್ಟುಗದಿಂದ ಬೆನ್ನಿಗೆ ಎರಡು ಬಾರಿಸಿದಳು. "ನನ್ನ ಜೀವ ಹೋಗಿ ಬಂತಲ್ಲ! ಸತ್ತಿಲ್ಲ ಅಂತಾದ್ರೆ ಬೇಗ ಬಂದು ಹೇಳ್ಲಿಕ್ಕೆ ಆಗುದಿಲ್ವ?" ಎಂದು ಅವನನ್ನೇ ಹಿಡಿದುಕೊಂಡು ಮತ್ತೆ ಅತ್ತಳು. ತ್ಯಾಂಪಣ್ಣನಿಗೆ ಪೆಟ್ಟು ತಾಗಿದ್ದೇ ಗೊತ್ತಾಗಲಿಲ್ಲ, ಅಷ್ಟು ಹಿತವಾಯಿತು.

"ಮರ ಕಡಿಯುದು ನಿಲ್ಲಿಸಿ ಮಾರಾಯ್ರೆ! ನಾನು ಬದುಕಿದ್ದೇನೆ!"

ಮರದ ಬುಡದಲ್ಲಿದ್ದವರು ನಿರಾಸೆಯಿಂದ ಬಗ್ಗಿ ನೋಡಿದರು. "ಅರ್ಧ ಆಯ್ತಲ್ಲ ರೈಗಳೇ, ಇನ್ನು ಎಂತ ಮಾಡುದು?"

"ಆ ಸಾರ್ ಎಲ್ಲಿ?"

"ಬಸ್ಸಿಗೆ ಹೋದ್ರು. ಇಷ್ಟು ಅಳುವ ಮನೆಯಲ್ಲಿ ಇನ್ನು ಕೇಳ್ಲಿಕ್ಕೆ ಏನೂ ಇಲ್ಲ ಅಂತ."

ಪಾಸ್‌ಪೋರ್ಟು ಕಿಸೆಗೆ ತುರುಕಿಕೊಂಡು ತ್ಯಾಂಪಣ್ಣ ಓಡಿದ. ಅವನ ಹಿಂದೆ ಸಟ್ಟುಗ ಹಿಡಿದ ಚೆನ್ನು, ಅವಳ ಹಿಂದೆ ಕೊಡಲಿ ಹಿಡಿದ ಗಂಡಸರು, ದಾರಿಯಲ್ಲಿ ಸೇರಿಕೊಂಡ ಸೀತಕ್ಕ, ಕೊನೆಗೆ ಜತ್ತಪ್ಪ ಗೌಡರು. ತನ್ನ ಶವಯಾತ್ರೆಯ ಮುಂದೆ ತಾನೇ ಓಡುವ ಯೋಗ ಎಲ್ಲರಿಗೂ ಸಿಕ್ಕುವುದಲ್ಲ.

ಅಬ್ಬಾಸ್ ಬ್ಯಾರಿಯ ಹೋಟೆಲಿನ ಬೆಂಚಿನಲ್ಲಿ ಕುಶಾಲಪ್ಪನವರು ಒಂದೇ ಚಪ್ಪಲಿಯಲ್ಲಿ ಕೂತು ವರದಿ ಬರೆಯುತ್ತಿದ್ದರು. ಸದರಿ ವ್ಯಕ್ತಿ ಈ ಊರಿನಲ್ಲಿ ವಾಸವಿಲ್ಲ, ಮೃತಪಟ್ಟಿರುವುದಾಗಿ ತಿಳಿದುಬಂದಿದೆ, ಎಂದು ಬರೆದು ಕೆಳಗೆ ಗೆರೆ ಎಳೆಯುವಾಗ ಸದರಿ ವ್ಯಕ್ತಿಯೇ ಬಂದು ಮೇಜಿನ ಮೇಲೆ ಬಿದ್ದ.

"ಸಾರ್! ನಾನೇ ತ್ಯಾಂಪಣ್ಣ ರೈ!"

ಕುಶಾಲಪ್ಪನವರು ಕನ್ನಡಕದ ಮೇಲಿನಿಂದ ನೋಡಿದರು. "ಒಬ್ಬರು ಬೊಂಬಾಯಿಯಲ್ಲಿ ದೋಸೆ ಮಾಡ್ತಾ ಇದ್ದಾರೆ. ಒಬ್ಬರು ಮಲಾಯದಲ್ಲಿ ಚೀನಾದವರೊಟ್ಟಿಗೆ ಇದ್ದಾರೆ. ಒಬ್ಬರು ಬೆಳಿಗ್ಗೆ ತೀರಿಹೋಗಿದ್ದಾರೆ. ಇದರಲ್ಲಿ ನೀವು ಯಾರು?"

ತ್ಯಾಂಪಣ್ಣ ಪಾಸ್‌ಪೋರ್ಟು ತೆರೆದು ಮುಖದ ಪಕ್ಕ ಹಿಡಿದ. ಕುಶಾಲಪ್ಪನವರು ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. "ಫೋಟೋಗೆ ನೀವು ಅರ್ಧ ಹೊಂದ್ತೀರಿ. ಅರ್ಧಕ್ಕೆ ನಾನು ಸಹಿ ಹಾಕ್ಲಿಕ್ಕೆ ಆಗುದಿಲ್ಲ. ಈ ಊರಿನವರು ಯಾರಾದ್ರೂ ಗುರುತು ಹೇಳ್ಲಿ."

"ಅಬ್ಬಾಸಾ, ಹೇಳು, ನಾನು ಯಾರು?"

ಅಬ್ಬಾಸ್ ಬ್ಯಾರಿ ರೈಗಳ ಮುಖ ನೋಡಿದ, ಆಫೀಸರರ ಮುಖ ನೋಡಿದ. ಪಾಪ, ಹಿಡಿದುಬಿಟ್ಟಿದ್ದಾರೆ, ಈಗ ಕೈಬಿಡಬಾರದು ಎಂದುಕೊಂಡ. "ಈ ಜನವನ್ನು ನಾನು ಇವತ್ತೇ ಕಾಣುದು ಸಾರ್" ಅಂದ, ಎದೆ ಮುಟ್ಟಿಕೊಂಡು.

ತ್ಯಾಂಪಣ್ಣನ ತಾಳ್ಮೆ ಅಲ್ಲಿಗೆ ಮುಗಿಯಿತು. ಬೆಂಚಿನ ಮೇಲೆ ಹತ್ತಿ ನಿಂತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕಿದ. "ಇವರನ್ನು ಕರೆಸಿದ್ದು ನಾನು! ನಾನೇ ಕಾಗದ ಬರೆದದ್ದು! ನಾನು ಊರಲ್ಲಿ ಇದ್ದೇನೆ ಅಂತ ಇವರು ಬರೆದು ಕೊಡದಿದ್ರೆ ನನ್ನ ಫಂಡಿನ ಮೂರರಲ್ಲೊಂದು ಪಾಲು ಲಂಡನ್ನಿನವರು ನುಂಗ್ತಾರೆ! ನನ್ನ ಜೀಪು ಹೋಗ್ತದೆ!"

ಇನ್ಕಮ್ ಟ್ಯಾಕ್ಸಿನವರನ್ನು ಕರೆಸುವುದೆಂದರೆ ಎಂಥದ್ದೆಂದು ಯಾರಿಗೂ ಅರ್ಥವಾಗಲಿಲ್ಲ. ಹಾವನ್ನು ಯಾರಾದರೂ ಟಪಾಲು ಹಾಕಿ ಕರೆಸುತ್ತಾರೆಯೇ? ಆದರೆ ಜೀಪು ಹೋಗುತ್ತದೆಂಬುದು ಎಲ್ಲರಿಗೂ ಅರ್ಥವಾಯಿತು. ಮರುಕ್ಷಣ ಊರಿಗೆ ಊರೇ ಸತ್ಯದ ಕಡೆಗೆ ತಿರುಗಿತು. ಸುಳ್ಳು ಹೇಳುವಾಗ ಇದ್ದದ್ದಕ್ಕಿಂತ ದೊಡ್ಡ ಉಮೇದು ಈಗ.

"ಇವರೇ ಸಾರ್, ತ್ಯಾಂಪಣ್ಣ ರೈಗಳು! ದಿನಾ ಬೆಳಿಗ್ಗೆ ಚಾ ಇಲ್ಲಿಯೇ!" ಎಂದ ಅಬ್ಬಾಸ್ ಬ್ಯಾರಿ. "ಈ ಹೋಟ್ಲಿಗೆ ಹಂಚು ಹಾಕ್ಲಿಕ್ಕೆ ಸಾಲ ಕೊಟ್ಟದ್ದು ಇವರೇ. ಬಡ್ಡಿ ಒಂದು ತಿಂಗಳು ಸಹ ಬಿಡುದಿಲ್ಲ!"

"ಹೌದಾ?" ಕುಶಾಲಪ್ಪನವರು ಬರೆದುಕೊಂಡರು.

"ಮದುವೆಗೆ ಪಾತ್ರೆ ಬಾಡಿಗೆಗೆ ಬೇಕಾದ್ರೆ ಈ ಕಡೆಯವರೆಲ್ಲ ಇವನ ಮನೆಗೇ ಬರುದು" ಎಂದಳು ಸೀತಕ್ಕ. "ಊರಲ್ಲಿ ಇಲ್ಲದಿದ್ರೆ ಬಾಡಿಗೆ ತೆಗೊಳ್ಳುದು ಯಾರು?"

ಅದನ್ನೂ ಬರೆದುಕೊಂಡರು. ಕೊಡಲಿಯವರು ಸಾಲಾಗಿ ಬಂದು ಹೆಬ್ಬೆಟ್ಟು ಒತ್ತಿದರು. ತ್ಯಾಂಪಣ್ಣನಿಗೆ ಪರಮ ಸಂತೋಷ. ಇನ್ನೂ ಹೇಳಿ, ಇನ್ನೂ ಹೇಳಿ ಎಂದು ಅವನೇ ಜನರನ್ನು ಮುಂದೆ ತಳ್ಳುತ್ತಿದ್ದ. ಜತ್ತಪ್ಪ ಗೌಡರು ಮಾತ್ರ ಸಹಿಯ ಸರದಿ ಹತ್ತಿರ ಬಂದಾಗ ಹೋಟೆಲಿನ ಕಟ್ಟಿಗೆ ರಾಶಿಯ ಹಿಂದೆ ಸರಿದರು.

ಕುಶಾಲಪ್ಪನವರು ಹೊಸ ವರದಿಗೆ ಸಹಿ ಹಾಕಿ ನಿಟ್ಟುಸಿರು ಬಿಟ್ಟರು. "ನಾನು ಸಹ ಇಲ್ಲೇ ಸಂಪಾಜೆಯವ ಮಾರಾಯ್ರೆ. ಲೆವಿಯವರು ಬಂದ್ರೆ ನಮ್ಮಪ್ಪ ಸಹ ಅಟ್ಟ ಹತ್ತುದು. ಆದ್ರೆ ಸಾಯುವಷ್ಟು ದೂರ ಹೋಗ್ತಿರ್ಲಿಲ್ಲ."

ತ್ಯಾಂಪಣ್ಣ ಹಳೆಯ ವರದಿಯನ್ನು ಕೈಯಾರೆ ಹರಿದು ಅಬ್ಬಾಸನ ಒಲೆಗೆ ಹಾಕಿದ. ಎಲ್ಲರಿಗೂ ಚಾ, ಎಲ್ಲರಿಗೂ ಬನ್ಸ್ ಎಂದು ಘೋಷಿಸಿದ. ಅಲಿ ಕುಂಞಿ ಜೀಪಿನ ಹಾರನ್ನು ಒತ್ತಿ ಸಂಭ್ರಮಿಸಿದ. ಅಷ್ಟರಲ್ಲಿ ಕುಶಾಲಪ್ಪನವರು ಚಾದಲ್ಲಿ ಬನ್ಸ್ ಅದ್ದಿಕೊಳ್ಳುತ್ತಾ, "ಇನ್ನು ನಮ್ಮ ಪಾಲು ಒಂದು ಬಾಕಿ" ಅಂದರು.

"ನಿಮ್ಮ ಪಾಲಾ ಸಾರ್?"

"ನಿಮ್ಮ ಟ್ಯಾಕ್ಸು ಇಲ್ಲಿಗೆ ಸೇರಿದ್ದು ಅಂತಲ್ವ ನಾನು ಬರೆದು ಕೊಟ್ಟದ್ದು? ಲಂಡನ್ನಿನವರು ಬಿಡುದು ನಾವು ಹಿಡಿಯುದಕ್ಕೆ."

"ಗದ್ದೆ ತೋಟದವರಿಗೆ ಇಲ್ಲ ಅಲ್ವ ಸಾರ್?"

"ಗದ್ದೆಗೆ ಇಲ್ಲ. ಆದ್ರೆ ಈ ಫಂಡು ನಿಮ್ಮ ಗದ್ದೆಯಲ್ಲಿ ಬೆಳೆದದ್ದಾ?"

ತ್ಯಾಂಪಣ್ಣನ ಬಾಯಲ್ಲಿದ್ದ ಬನ್ಸು ಅಲ್ಲೇ ನಿಂತಿತು. "ಎಷ್ಟು ಆದೀತು?"

"ಎಲ್ಲ ಒಂದೇ ವರ್ಷಕ್ಕೆ ಬಂದು ಬೀಳ್ತದಲ್ಲ. ಈಗಿನ ರೇಟು ನಿಮಗೆ ಗೊತ್ತುಂಟಲ್ಲ. ಜೊತೆಗೆ ನಿಮ್ಮವರೇ ಹೇಳಿದ ಬಡ್ಡಿ ಉಂಟು, ಪಾತ್ರೆ ಬಾಡಿಗೆ ಉಂಟು. ಅರ್ಧಕ್ಕಿಂತ ಒಂದು ಸ್ವಲ್ಪ ಮೇಲೆ."

ಒಲೆಯ ಮೇಲಿನ ಹಾಲು ಉಕ್ಕಿ ಸುರಿದರೂ ಅಬ್ಬಾಸ್ ಬ್ಯಾರಿ ನೋಡಲಿಲ್ಲ. "ಸಾರ್, ರೈಗಳು ಬೊಂಬಾಯಿಯಲ್ಲಿ ಇದ್ದಿದ್ರೆ?" ಎಂದು ಮೆಲ್ಲನೆ ಕೇಳಿದ.

"ಬೊಂಬಾಯಿ ಇಂಡಿಯಾವೇ ಅಲ್ವ? ಅಷ್ಟೇ ಆಗ್ತಿತ್ತು."

"ಮಲಾಯದಲ್ಲಿ ಇದ್ದಿದ್ರೆ?" ಎಂದು ಕಟ್ಟಿಗೆ ರಾಶಿಯ ಹಿಂದಿನಿಂದ ಒಂದು ಸ್ವರ ಬಂತು.

"ಆಗ ನಾವು ಕೈಹಾಕುವ ಹಾಗಿಲ್ಲ. ಲಂಡನ್ನಿನವರು ಮೂರರಲ್ಲೊಂದು ಮುರಿದು ಉಳಿದದ್ದು ಕೊಡ್ತಿದ್ರು."

ಸೀತಕ್ಕ ಕೆಮ್ಮಿದಳು. "ಸತ್ತಿದ್ರೆ?"

"ಸತ್ತವರದ್ದು ಯಾರೂ ಮುರಿಯುದಿಲ್ಲಮ್ಮ. ಫಂಡಿನವರ ಕಾಗದದಲ್ಲೇ ಬರೆದುಂಟು. ಇಡೀ ಹಣ ಹೆಂಡತಿಗೆ."

ಎಲ್ಲರ ಕಣ್ಣು ಮೆಲ್ಲಗೆ ತ್ಯಾಂಪಣ್ಣನ ಕಡೆಗೆ ತಿರುಗಿತು. ಆ ಕಣ್ಣುಗಳಲ್ಲಿ ಇದ್ದದ್ದು ಕನಿಕರವಲ್ಲ.

"ನಾನು ಅಷ್ಟು ಕಷ್ಟಪಟ್ಟು, ಗಂಟಲು ಹರಿಯುವ ಹಾಗೆ ಅತ್ತು ಸಾಯಿಸಿದ್ದೆ" ಎಂದಳು ಸೀತಕ್ಕ. "ಇವನೇ ಎದ್ದು ಬಂದದ್ದು."

"ಒಂದು ದಿನ ಸುಮ್ಮನೆ ಸತ್ತು ಬಿದ್ದಿರ್ಲಿಕ್ಕೆ ಆಗ್ಲಿಲ್ಲ ನಿಮಗೆ!" ಎಂದಳು ಚೆನ್ನು.

ತ್ಯಾಂಪಣ್ಣ ಒಲೆಯ ಕಡೆಗೆ ಓಡಿದ. ಹಳೆಯ ವರದಿ ಬೂದಿಯಾಗಿ, ಅದರ ಮೇಲೆ ಹಾಲೂ ಉಕ್ಕಿತ್ತು. "ಸಾರ್, ಒಮ್ಮೆ ಮೊದ್ಲಿನ ಹಾಗೇ ಬರೀರಿ ಸಾರ್. ಸತ್ತದ್ದು ಬೇಡ, ಮಲಾಯ ಸಾಕು. ಚೀನಾದ ಹೆಂಗಸನ್ನು ಸಹ ಒಪ್ಪಿಕೊಳ್ತೇನೆ!" ಎಂದು ಬೇಡಿಕೊಂಡ. ಚೆನ್ನು ಸಟ್ಟುಗ ಎತ್ತಿದಳು. ಕುಶಾಲಪ್ಪನವರು ಹೆಬ್ಬೆಟ್ಟುಗಳ ಸಾಲನ್ನು ತೋರಿಸಿ, ಕಾಗದ ಚೀಲಕ್ಕೆ ಹಾಕಿ ಬಕ್ಕಲು ಬಿಗಿದರು. ಅವರಿಗೂ ಬೇಸರವಾಗಿತ್ತು. ಆದರೆ ಬರೆದದ್ದು ಬರೆದಾಗಿತ್ತು.

ಅಲಿ ಕುಂಞಿ ತಲೆ ತುರಿಸಿಕೊಂಡು ಹತ್ತಿರ ಬಂದ. "ತ್ಯಾಂಪಣ್ಣ, ನನಗೆ ಬೇಜಾರುಂಟು. ಆದ್ರೆ ದುಬೈಗೆ ಟಿಕೇಟು ಆಗಿ ಆಯ್ತು." ಅವನ ಮಾತು ಮುಗಿಯುವುದಕ್ಕೆ ಮೊದಲೇ ಕಟ್ಟಿಗೆ ರಾಶಿಯ ಹಿಂದಿನಿಂದ ಒಂದು ಕೈ ಅವನನ್ನು ಕರೆಯಿತು. ಜತ್ತಪ್ಪ ಗೌಡರು ಸೊಂಟದ ಪಟ್ಟಿಯಿಂದ ಏನೋ ಬಿಚ್ಚಿದರು. ಅಲಿ ಕುಂಞಿ ಎಣಿಸಿ ಕಿಸೆಗೆ ಹಾಕಿಕೊಂಡ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗೌಡರು ತ್ಯಾಂಪಣ್ಣನ ಜೀಪಿನ ಸೀಟಿನಲ್ಲಿ ಕೂತು ಸ್ಟೀರಿಂಗನ್ನು ಸವರುತ್ತಿದ್ದರು. ತ್ಯಾಂಪಣ್ಣ ಅತ್ತ ಬೆನ್ನು ಹಾಕಿ ನಿಂತ.

ಪುತ್ತೂರಿನ ಬಸ್ಸು ಬಂತು. ಮೆಟ್ಟಿಲಿಗೆ ಕಾಲಿಟ್ಟ ಕುಶಾಲಪ್ಪನವರು ಏನೋ ನೆನಪಾಗಿ ತಿರುಗಿದರು.

"ಮರ್ತೇ ಹೋಗಿತ್ತು ರೈಗಳೇ. ಈ ಊರಲ್ಲಿ ಜತ್ತಪ್ಪ ಗೌಡ ಅಂತ ಒಬ್ಬರು ಉಂಟಾ? ಅಡಿಕೆ, ರಬ್ಬರು ದೊಡ್ಡ ವ್ಯಾಪಾರವಂತೆ. ಅವರದ್ದೂ ಸ್ವಲ್ಪ ವಿಚಾರಿಸ್ಲಿಕ್ಕುಂಟು. ಈ ಊರಲ್ಲಿ ನಿಜ ಹೇಳುವ ಜನ ಅಂದ್ರೆ ನೀವೊಬ್ಬರೇ. ನೀವೇ ಹೇಳಿ, ಎಲ್ಲಿ ಸಿಕ್ಕಿಯಾರು?"

ಸ್ಟೀರಿಂಗಿನ ಮೇಲಿದ್ದ ಗೌಡರ ಕೈ ನಿಂತಿತು. ತ್ಯಾಂಪಣ್ಣನ ತೋರುಬೆರಳು ತಾನಾಗಿ ಮೇಲೆದ್ದಿತು. ಒಂದು ಬೆರಳು ಸಾಕಿತ್ತು. ಅವನು ಜೀಪನ್ನು ನೋಡಿದ, ಗೌಡರ ಬಿಳಿಚಿದ ಮುಖವನ್ನು ನೋಡಿದ, ಉಸಿರು ಹಿಡಿದು ನಿಂತ ಅಬ್ಬಾಸನನ್ನು ನೋಡಿದ. ಎದ್ದ ಬೆರಳಿನಿಂದ ಕಿವಿ ತುರಿಸಿಕೊಂಡ.

"ಜತ್ತಪ್ಪ ಗೌಡರಾ?" ಎಂದ. "ಎಂಥ ಜನ ಸಾರ್ ಅವರು! ಏನು ಹೇಳುದು, ಇವತ್ತು ಬೆಳಿಗ್ಗೆ..."

ಮುಂದಿನ ಮಾತು ಅವನಿಗೆ ಹೊಳೆಯುವ ಮೊದಲೇ ಬೆನ್ನ ಹಿಂದೆ ಸೀತಕ್ಕ ಸೆರಗು ಕಣ್ಣಿಗೊತ್ತಿ ಅಳಲು ಸುರುಮಾಡಿದ್ದಳು.